ತಿರುವುಮುರುವಾಗಿ ಕೂತ ಪ್ಲೇಟು

ಬೀದಿಯವರೆಲ್ಲ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಬಹುಕಾಲ ಶಾಲೆಯ ವ್ಯಾನು ಓಡಿಸಿದವನು; ಸ್ಟೀರಿಂಗ್ ಹಿಡಿದಾಗ ಕೈಗಿಂತ ಬಾಯಿಯೇ ಹೆಚ್ಚು ದುಡಿಯುತ್ತಿತ್ತು. ಮಕ್ಕಳಿಗೆ ಉಪದೇಶ, ಎದುರು ಬಂದ ಲಾರಿಗೆ ಬೈಗುಳ, ಸಿಗ್ನಲ್ಲು ಕೆಂಪಾದರೆ ಸರಕಾರಕ್ಕೆ ಛೀಮಾರಿ. ಮನೆಯಲ್ಲಿಯೂ ಅಷ್ಟೇ. ಯಾರು ಏನೇ ಹೇಳಲಿ, ಅವನ ಉತ್ತರ ‘ಅಲ್ಲ’ ಎಂದೇ ಶುರುವಾಗುತ್ತಿತ್ತು. ಒಂದು ಮಾತಿಗೆ ಸುಮ್ಮನೆ ತಲೆದೂಗಿದ ಮನುಷ್ಯನಲ್ಲ.

ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದವನು ಹಾಗೆಯೇ ಕುಸಿದ. ಜೀವ ಉಳಿಯಿತು. ಬಲಗೈ, ಬಲಗಾಲು ಮತ್ತು ಮಾತು ಹೋದವು. ತಲೆಯ ಒಳಗೆ ಎಲ್ಲವೂ ಮೊದಲಿನಂತೆಯೇ ಇತ್ತು. ನಾಲಿಗೆಗೆ ಬರುತ್ತಿದ್ದದ್ದು ಒಂದೇ ಪದ. ‘ಆಯ್ತು.’ ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ತಲೆ ಅಲ್ಲಾಡಿಸಿದರೂ ಭರವಸೆಯಿಲ್ಲ. ಹೌದು ಎನ್ನಬೇಕಾದಲ್ಲಿ ಕತ್ತು ಅಡ್ಡ ತಿರುಗುತ್ತಿತ್ತು. ಇಂಥ ರೋಗಿಗಳ ತಲೆಯಾಟವನ್ನು ನಂಬಬೇಡಿ ಎಂದು ಡಾಕ್ಟರೇ ಹೇಳಿದ್ದರು. ಬದುಕಿಡೀ ಯಾವುದಕ್ಕೂ ಒಪ್ಪದವನು ಈಗ ಎಲ್ಲದಕ್ಕೂ ಒಪ್ಪುವವನಾದ. ಮೊದಮೊದಲು ಮನೆಯವರಿಗೆ ಇದರಲ್ಲಿ ಒಂದು ನೆಮ್ಮದಿಯೂ ಕಂಡಿತು. ಮಗಳಂತೂ ತವರಿಗೆ ಬಂದಾಗಲೆಲ್ಲ ಬೇಕಾದ್ದಕ್ಕೆಲ್ಲ ಅಪ್ಪನ ಒಪ್ಪಿಗೆ ಪಡೆದೇ ಹೋಗುತ್ತಿದ್ದಳು. ಹೆಂಡತಿ ಮಾತ್ರ ಅವನನ್ನು ಏನೂ ಕೇಳುತ್ತಿರಲಿಲ್ಲ. ಮುಖ ನೋಡುತ್ತಿದ್ದಳು, ತನಗೆ ತೋಚಿದ್ದನ್ನು ಮಾಡುತ್ತಿದ್ದಳು.

ಜಿಲ್ಲಾ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಪ್ರತಿ ಸೋಮವಾರ ಅವನಿಗೊಂದು ಗಂಟೆ ಸಿಕ್ಕಿತ್ತು. ಅದಕ್ಕಾಗಿ ಸರದಿಯಲ್ಲಿ ನಿಂತವರು ಬಹಳ. ಎರಡು ವಾರ ಸಾಲಾಗಿ ತಪ್ಪಿದರೆ ಆ ಜಾಗ ಮುಂದಿನವರಿಗೆ. ಹೋದ ಮಾತು ಮೊದಲ ಕೆಲವು ತಿಂಗಳಲ್ಲಿ ತಿರುಗಿ ಬಂದರೆ ಬಂತು, ಆಮೇಲೆ ಕಷ್ಟ ಎಂದು ಮೇಡಂ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಕೆಲವು ವಾರಗಳ ಬಳಿಕ ಅವನ ಬಾಯಿಂದ ‘ನೀರು’ ಎಂಬುದರ ಅರ್ಧ ಹೊರಟಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಲೋಟದ ಕಡೆ ನೋಡಿ “ನೀ...” ಎಂದ. ಎದುರಿಗಿದ್ದ ಮಗ ಗಾಬರಿಯಾಗಿ, “ನಾನೇನ್ ಮಾಡ್ದೆ ಅಪ್ಪ?” ಎಂದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರೇಡಿಯೋ ಕೂಡ ಬಾಯಿಯ ಎಡಗಡೆಯಿಂದ ನಕ್ಕ. ಒಂದು ಅಕ್ಷರ ಬಂದಿದೆ, ಇನ್ನೊಂದು ಬರದೆ ಎಲ್ಲಿ ಹೋದೀತು ಎಂದು ಅವನಿಗೆ ಅನಿಸಿತ್ತು.

ಅಷ್ಟರಲ್ಲಿ ಮನೆಯ ಹಳೆಯ ಕಾರಿನ ಕ್ಲಚ್ಚು ಕೈಕೊಟ್ಟಿತು. ಆಸ್ಪತ್ರೆಗೆ ಹೋಗುವ ಏರಿನಲ್ಲಿ ಎಂಜಿನ್ನು ಅರಚಿಕೊಂಡಿತೇ ಹೊರತು ಗಾಡಿ ಏರಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿದ ಕೂಡಲೇ ರೇಡಿಯೋಗೆ ವಿಷಯ ತಿಳಿಯಿತು. “ಆಯ್ತು,” ಎಂದ. ಆ ಒಂದು ಸಲ ಪದ ಸರಿಯಾಗಿಯೇ ಬಂದಿತ್ತು. ಕಾರನ್ನು ಹಗ್ಗ ಕಟ್ಟಿ ಮನೆಗೆ ಎಳೆಸಿದರು. ಒಂದು ಸೋಮವಾರ ಹೋಯಿತು. ಗಾಲಿಕುರ್ಚಿಯನ್ನು ಬಸ್ಸಿಗೆ ಹತ್ತಿಸುವಂತಿರಲಿಲ್ಲ. ಅಷ್ಟು ದೂರಕ್ಕೆ ಬಾಡಿಗೆ ಕಾರು ಆ ಮನೆಗೆ ಎಟುಕುವ ಮಾತಲ್ಲ, ಗ್ಯಾರೇಜೂ ಅಲ್ಲ. ಹಾಗಾಗಿ ಭಾನುವಾರ ಮನೆಯಲ್ಲೇ ಕ್ಲಚ್ಚು ಬದಲಿಸುವುದೆಂದು ಮಗನೂ ಅಳಿಯನೂ ನಿಶ್ಚಯಿಸಿದರು.

ಮಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಸ್ಕ್ರೂಗಳೆಲ್ಲ ಜೀರಿಗೆ ಗಾತ್ರದವು. ಅಪ್ಪನ ಸ್ಪ್ಯಾನರುಗಳನ್ನು ಅವನು ಮುಟ್ಟಿದ್ದೇ ಇಲ್ಲ, ಮುಟ್ಟಲು ಬಿಟ್ಟಿರಲಿಲ್ಲ. “ನಿನ್ ಕೈಗಲ್ಲ ಇದು, ಆಚೆ ಹೋಗು,” ಎನ್ನುವುದು ರೇಡಿಯೋ ಮಗನಿಗೆ ಕೊಟ್ಟ ತರಬೇತಿಯ ಮೊದಲ ಪಾಠವೂ ಹೌದು, ಕೊನೆಯದೂ ಹೌದು. ಅಳಿಯ ಲಿಫ್ಟು ರಿಪೇರಿಯವನು, ಧೈರ್ಯಸ್ಥ. ಜ್ಯಾಕುಗಳನ್ನು ಕೆಲಸದ ಜಾಗದಿಂದ ಕೇಳಿ ತಂದಿದ್ದ, ಸಂಜೆಯೊಳಗೆ ಹಿಂತಿರುಗಿಸಬೇಕಿತ್ತು.

“ಹತ್ತು ಮಹಡಿ ಎತ್ತೋ ಯಂತ್ರ ಬಿಚ್ಚಿದ್ದೀನಿ. ಇದೇನು ಮಹಾ,” ಎಂದ ಅಳಿಯ.

“ನಿಮ್ ಲಿಫ್ಟು ಮೇಲೆ ಕೆಳಗೆ ಹೋಗತ್ತೆ ಭಾವ. ಇದು ಮುಂದೆ ಹೋಗ್ಬೇಕು,” ಎಂದ ಮಗ.

ರೇಡಿಯೋನ ಕುರ್ಚಿಯನ್ನು ಹಿತ್ತಲಿನ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದರು. ನೋಡಿಕೊಂಡಿರಲಿ, ಹೊತ್ತು ಹೋಗುತ್ತದೆ ಎಂಬ ಲೆಕ್ಕ. ಕೆಲಸವೇನೂ ಕೆಟ್ಟದಾಗಿ ಸಾಗಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ನಿಲ್ಲಿಸುತ್ತ, ಒಬ್ಬರ ಮೇಲೊಬ್ಬರು ರೇಗುತ್ತ ಬ್ಯಾಟರಿ ತೆಗೆದರು, ಚಕ್ರ ಬಿಚ್ಚಿದರು, ಎಂಜಿನ್ನಿಗೆ ಮರದ ತುಂಡು ಆನಿಕೆ ಕೊಟ್ಟರು. ಗೇರ್‌ಬಾಕ್ಸನ್ನು ಇಬ್ಬರೂ ಎದೆಯ ಮೇಲೆ ಹೊತ್ತುಕೊಂಡೇ ಇಳಿಸಿದರು. ರೇಡಿಯೋ ಮನಸ್ಸಿನಲ್ಲೇ ಎಂಟು ಕಡೆ ಬೈದ. ಆದರೆ ಆ ತಪ್ಪುಗಳಿಂದ ಗಾಡಿ ಕೆಡುವಂತಿರಲಿಲ್ಲ.

ಹಳೆಯ ಕ್ಲಚ್ ಪ್ಲೇಟು ಹೊರಬಂತು, ಸವೆದು ನುಣ್ಣಗಾಗಿತ್ತು. ಅಳಿಯ ಅದನ್ನು ಹಾಗೆಯೇ ಮೂಲೆಗೆ ಎಸೆದ. ಅದು ಯಾವ ಮುಖವಾಗಿ ಕೂತಿತ್ತೆಂದು ಇಬ್ಬರೂ ನೋಡಲಿಲ್ಲ. ರೇಡಿಯೋ ನೋಡಿದ. ಪ್ಲೇಟಿನ ನಡುವೆ ಸ್ಪ್ರಿಂಗುಗಳ ಉಬ್ಬು ಇರುತ್ತದೆ. ಆ ಉಬ್ಬು ಗೇರ್‌ಬಾಕ್ಸಿನ ಕಡೆಗಿರಬೇಕು, ಚಪ್ಪಟೆ ಮುಖ ಎಂಜಿನ್ನಿನ ಕಡೆಗೆ. ಮಗ ಹೊಸದನ್ನು ಬಟ್ಟೆಯಿಂದ ಒರೆಸಿ, ಕನ್ನಡಕದ ಗಾಜಿನಂತೆ ಬೆಳಕಿಗೆ ಹಿಡಿದು, ಉಬ್ಬನ್ನು ಎಂಜಿನ್ನಿನ ಕಡೆ ಮಾಡಿ ಒಳಕ್ಕೆ ಒಯ್ದ.

“ಆಯ್ತು,” ಎಂದ ರೇಡಿಯೋ.

“ಹ್ಞೂಂ ಅಪ್ಪ, ಆಗ್ತಾ ಬಂತು.”

“ಆಯ್ತು. ಆಯ್ತು.” ಧ್ವನಿ ಏರಿತು. ಎಡಗೈಯನ್ನು ಮುಂದೆ ಚಾಚಿ ಅಂಗೈಯನ್ನು ಮೇಲೆ ಕೆಳಗೆ ಮಾಡಿದ. ಮಗುಚು, ತಿರುಗಿಸು ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳುವುದು ಅವನಿಂದಾಗುತ್ತಿರಲಿಲ್ಲ.

ಅಳಿಯ ಕಾರಿನಡಿಯಿಂದ ತಲೆ ಹೊರಹಾಕಿ ನೋಡಿದ. “ಏನಾಯ್ತು, ಎಲ್ಲಿಗೆ ಬಂತು ಅಂತ ಕೇಳ್ತಿದ್ದಾರೆ ಮಾವ. ಸೋಮವಾರ ಹೊರಡೋದೇ ಮಾವ, ಚಿಂತೆ ಬಿಡಿ.”

ರೇಡಿಯೋ ತಲೆ ಅಲ್ಲಾಡಿಸಿದ. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಮೇಡಂ ಹೇಳಿಕೊಟ್ಟಂತೆ ತುಟಿ ಕೂಡಿಸಿ ‘ಮಗುಚು’ ಎಂಬುದರ ಮೊದಲ ಅಕ್ಷರಕ್ಕೆ ಉಸಿರು ಕಟ್ಟಿದ. ‘ಮ’ ಗಂಟಲಲ್ಲೇ ಉಳಿಯಿತು, ಹೊರಬಂದದ್ದು ಮತ್ತೆ ಅದೇ ಒಪ್ಪಿಗೆ. ಕೊನೆಗೆ ಎಡಗಾಲು ಚಾಚಿ ಬೋಲ್ಟುಗಳಿದ್ದ ತಟ್ಟೆಯನ್ನು ಒದ್ದ. ಬೋಲ್ಟುಗಳು ಶೆಡ್ಡಿನ ತುಂಬ ಉರುಳಿದವು.

ಮಗನಿಗೆ ರೇಗಿತು, ಆದರೆ ರೇಗಲಿಲ್ಲ. ರೋಗಿಯ ಮೇಲೆ ರೇಗಬಾರದೆಂದು ಅವನಿಗೆ ಯಾರೋ ಹೇಳಿದ್ದರು. ಬೆಳಿಗ್ಗೆಯಿಂದ ಕೂತು ದಣಿದಿದ್ದಾರೆ ಎಂದು ಒಳಗೆ ತಾಯಿಗೆ ಕೇಳಲೆಂದು ಗಟ್ಟಿಯಾಗಿ ಹೇಳಿದ. ಅವಳು ಅಂಗಡಿಗೆ ಹೋಗಿದ್ದಳು. ತಾನೇ ಕುರ್ಚಿ ತಳ್ಳಿಕೊಂಡು ಹೋಗಿ ಅಪ್ಪನನ್ನು ನಡುಮನೆಯಲ್ಲಿ ಟಿ.ವಿ.ಯ ಮುಂದೆ ನಿಲ್ಲಿಸಿ, ಹೊದಿಕೆ ಹೊದಿಸಿ, ಬ್ರೇಕು ಹಾಕಿದ. ಟಿ.ವಿ.ಯಲ್ಲಿ ಒಬ್ಬಾಕೆ ಹಲ್ಲುಜ್ಜುವ ಬಗೆ ವಿವರಿಸುತ್ತಿದ್ದಳು. ಶೆಡ್ಡಿನಿಂದ ಬೋಲ್ಟು ಬಿಗಿಯುವ ಕರಕರ ಸದ್ದು ಕೇಳುತ್ತಿತ್ತು. ಪ್ರತಿ ಬೋಲ್ಟಿನ ಕೊನೆಯ ಬಿಗಿತದಲ್ಲಿ ಅಳಿಯ ಒಮ್ಮೆ ಮುಕ್ಕರಿಯುತ್ತಿದ್ದ. ರೇಡಿಯೋ ಒಂದೊಂದನ್ನೂ ಕೇಳಿಸಿಕೊಂಡ.

ಹೆಂಡತಿ ಬರುವ ಹೊತ್ತಿಗೆ ಚಕ್ರಗಳೂ ಕೂತಿದ್ದವು. ಅವನ ಮುಖ ನೋಡಿ ಚೀಲವನ್ನು ಅಲ್ಲಿಯೇ ಇಳಿಸಿದಳು. “ಏನ್ರೀ?” ಎಂದವಳು ಉತ್ತರಕ್ಕೆ ಕಾಯದೆ ಹಿತ್ತಲಿಗೆ ಓಡಿದಳು. ಅಷ್ಟರಲ್ಲಿ ಎಂಜಿನ್ನು ಶುರುವಾಯಿತು. ಮಗ ಕ್ಲಚ್ಚು ಒತ್ತಿ ಗೇರು ಹಾಕಲು ಹೋದ. ಕಬ್ಬಿಣ ಕಬ್ಬಿಣವನ್ನು ಕಡಿದ ಸದ್ದು ಮನೆಯೊಳಗಿನ ಗಾಜಿನ ಕಪಾಟಿನವರೆಗೂ ಬಂತು. ಇನ್ನೊಮ್ಮೆ. ಮತ್ತೊಮ್ಮೆ. ಆಮೇಲೆ ಎಂಜಿನ್ನು ನಿಂತಿತು.

ಜ್ಯಾಕು ಕೊಡಲು ಅಳಿಯ ಹೊರಟುಹೋದ. ಮಾರನೆಯ ದಿನ ಮಗ ಕೆಲಸಕ್ಕೆ ಹೋದ. ರಜೆ ಕೇಳಿದ್ದ, ಸಿಕ್ಕಿರಲಿಲ್ಲ. ಹೆಂಡತಿ ಆಸ್ಪತ್ರೆಗೆ ಫೋನು ಮಾಡಿದಳು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದರೂ ಅವನಿಗೆ ಕೇಳಿಸಿತು. ಕಾರಿನ ವಿಷಯ ಮೊದಲಿನಿಂದ ಹೇಳಿದಳು, ಒಂದೇ ವಾರ ತಡೆಯಿರಿ ಎಂದಳು, ಆಮೇಲೆ ಬಹಳ ಹೊತ್ತು ಬರೀ ಹ್ಞೂಂಗುಟ್ಟಿದಳು. ಹೆಸರನ್ನು ಸರದಿಯ ಕೊನೆಗೆ ಬರೆದುಕೊಳ್ಳುತ್ತಾರಂತೆ. ಒಂದು ವರ್ಷ ಆಗಬಹುದಂತೆ. ಹೊರಬಂದು ಅವನ ಗಲ್ಲ ಒರೆಸಿ, “ಬಿಡಿ, ಮನೇಲೇ ಹೇಳಿ ಕಲಿಯೋಣ,” ಎಂದಳು.

ಮುಂದಿನ ಭಾನುವಾರ ಮತ್ತೆ ಎಲ್ಲ ಬಿಚ್ಚಿದರು. ಈ ಸಲ ಮಗ ಪ್ಲೇಟನ್ನು ತಂದು ಅಪ್ಪನ ತೊಡೆಯ ಮೇಲಿಟ್ಟ. ಉಬ್ಬು ಉಜ್ಜಿ ಉಜ್ಜಿ ಬಳೆಯಂಥ ಹೊಳೆಯುವ ಗೆರೆ ಬಿದ್ದಿತ್ತು.

“ಎಲ್ಲಿ ತಪ್ಪಾಯ್ತು ಅಪ್ಪ?”

ರೇಡಿಯೋ ಎಡಗೈಯಿಂದ ಅದನ್ನು ಮಗುಚಿ ಇಟ್ಟ. ಮಗ ಪ್ಲೇಟನ್ನು ನೋಡಿದ, ಅಪ್ಪನ ಅಂಗೈಯನ್ನು ನೋಡಿದ. “ಇಷ್ಟೇನಾ,” ಎಂದ. ಎತ್ತಿಕೊಂಡು ಒಳಗೆ ಹೋದ.

ಸಂಜೆಗೆ ಕಾರು ಬೆಣ್ಣೆಯಂತೆ ಹೊರಟಿತು. ನೋಡೋಣ ಎಂದು ಎಲ್ಲರೂ ಹತ್ತಿದರು. ರೇಡಿಯೋನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಬೀದಿಯ ಕೊನೆಯಲ್ಲಿ ಬಲಕ್ಕೆ ಹೋದರೆ ಆಸ್ಪತ್ರೆಯ ದಾರಿ. ಮಗ ಅಲ್ಲಿ ನಿಲ್ಲಿಸಿ, ಎಲ್ಲಿಗೆ ಹೋಗೋಣ ಎಂದು ಕೇಳಿದ. ಹಿಂದಿನಿಂದ ಒಂದು ವ್ಯಾನು ಹಾರ್ನು ಹೊಡೆಯಿತು. ಮಗ ಎಡಕ್ಕೆ ತಿರುಗಿಸಿ, ಪೆಟ್ರೋಲ್ ಬಂಕಿನವರೆಗೆ ಹೋಗಿ, ವಾಪಸು ಬಂದ.