ಅವಳ ಕೈಗೆ ಒಗ್ಗಿದ್ದ ಮೋಟು ರಿವಾಲ್ವರ್

ನನ್ನ ರಿವಾಲ್ವರಿಗೆ ಮೂಗೇ ಇರಲಿಲ್ಲ. ನಳಿಗೆ ಎರಡಿಂಚು, ಅಷ್ಟೇ. ಏರ್ಕಾಡಿನ ಕಾಫಿ ತೋಟದ ಮುದುಕರೊಬ್ಬರು ಕಣ್ಣು ಮಂಜಾಯಿತೆಂದು ಮಾರಿದಾಗ ನಾನು ಕೊಂಡದ್ದು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಹರೂರಿನ ಕಡೆ ಹುಣಸೆಹಣ್ಣು ಕೊಂಡು, ಧರ್ಮಪುರಿಯಲ್ಲಿ ಬೀಜ ಬಿಡಿಸಿ, ಸೇಲಂ ಮಂಡಿಗೆ ಹಾಕುವ ವ್ಯಾಪಾರ ನನ್ನದು. ಒಮ್ಮೆ ತೊಪ್ಪೂರು ಘಾಟಿಯಲ್ಲಿ ವ್ಯಾನು ಅಡ್ಡಗಟ್ಟಿ ನನ್ನನ್ನು ಚೆನ್ನಾಗಿ ಬಡಿದಿದ್ದರು. ಅದಕ್ಕೇ ಲೈಸೆನ್ಸ್ ಸಿಕ್ಕಿತು. ಆಮೇಲೆ ಒಬ್ಬ ಕಳ್ಳನೂ ನನ್ನ ತಂಟೆಗೆ ಬರಲಿಲ್ಲ. ಬಂದಿದ್ದರೂ ಗುರಿ ತಪ್ಪುತ್ತಿತ್ತು, ಬಿಡಿ.

ಗುರಿ ಇದ್ದದ್ದು ನನ್ನ ಹೆಂಡತಿಗೆ. ಅವಳು ನನ್ನ ಅಕ್ಕನ ಮಗಳೇ. ಅಕ್ಕನನ್ನು ಪಾಲಮಲೆಯ ಕೆಳಗೆ ಕುರಿ ಸಾಕುವ ಮನೆಗೆ ಕೊಟ್ಟಿತ್ತು. ಮಗಳು ಕುರಿಯ ಹಿಂದೆ ಅಲೆದು, ನರಿಗೆ ಕಲ್ಲು ಬೀಸಿ ಬೆಳೆದವಳು. ತೋಟಾ ಹಳೆಯದಾಗುವ ಮುಂಚೆ ಖರ್ಚು ಮಾಡಬೇಕೆಂದು ವರ್ಷಕ್ಕೊಮ್ಮೆ ಇಬ್ಬರೂ ಸೇಲಂಗೆ, ಗುರಿ ಹೊಡೆಯುವ ರೇಂಜಿಗೆ ಹೋಗುತ್ತಿದ್ದೆವು. ಲೈಸೆನ್ಸ್ ನನ್ನದಾದರೂ, ಅಲ್ಲಿ ನಾನು ಪಕ್ಕದಲ್ಲಿ ನಿಂತರೆ ಅವಳೂ ಹೊಡೆಯಬಹುದಿತ್ತು. ಮೋಟು ನಳಿಗೆ ಕೈಯಲ್ಲಿ ಒದೆಯುತ್ತದೆ. ನಾನು ಆ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಎಳೆಯುತ್ತಿದ್ದೆ; ಗುಂಡು ಸೀದಾ ಹಿಂದಿನ ಮಣ್ಣುದಿಬ್ಬಕ್ಕೆ.

“ಏನ್ ಮಾವ, ಮಣ್ಣಿಗ್ ಒಡೀತೀಯಾ? ಪಾಪ, ಅದೇನ್ ಮಾಡ್ತು ನಿಂಗೆ?”

“ಸುಮ್ಕಿರು. ಇದ್ರ ಮೂತಿ ಮೋಟು, ಅದ್ಕೇ ತಪ್ತೈತೆ.”

“ಊಂ, ಕುಣಿಯಕ್ ಬಾರ್ದೋಳು ನೆಲ ಡೊಂಕು ಅಂದ್ಲಂತೆ. ತಾ ಇಲ್ಲಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಬ್ಬೆರಳಲ್ಲಿ ರಿವಾಲ್ವರಿನ ಕುದುರೆ ಹಿಂದಕ್ಕೆಳೆದು, ಉಸಿರು ಬಿಗಿಹಿಡಿದು ಹೊಡೆಯುತ್ತಿದ್ದಳು. ಆರರಲ್ಲಿ ಐದು ಕಪ್ಪು ವೃತ್ತದೊಳಗೆ. ರೇಂಜಿನ ಹುಡುಗರು “ಸೂಪರ್ ಅಕ್ಕಾ!” ಎಂದು ಕೂಗಿದರೆ ನನಗೆ ಹೊಟ್ಟೆಕಿಚ್ಚು, ಒಳಗೊಳಗೇ ಹಿಗ್ಗು. ಮನೆಗೆ ಬಂದು ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿ, ನನ್ನ ಹಳೇ ಪಂಚೆಯ ಚೂರಿನಿಂದ ಅದನ್ನು ಒರೆಸುವವಳೂ ಅವಳೇ. ಎಲೆಕ್ಷನ್ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಡಬೇಕು. ರಿಸಲ್ಟ್ ಬಂದ ಮೇಲೆ ರಸೀತಿ ತೋರಿಸಿ ತರಬೇಕು. ಪ್ರತಿ ಸಲ ಅದನ್ನು ಕಳಿಸುವಾಗ “ತವರಿಗ್ ಓಗಿ ಬಾರವ್ವ” ಎಂದು ನಗುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ತಡವಾಗಿತ್ತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮಧ್ಯಾಹ್ನ ರಿವಾಲ್ವರಿನ ಪೆಟ್ಟಿಗೆ ತರಿಸಿಕೊಂಡು ಅದರ ಮೇಲೆ ಕೈಯಿಟ್ಟು ಹೇಳಿದಳು:

“ಮಾವ, ನಾನೋದ್ಮೇಲೆ ಇದು ಮನೇಲಿರ್ಬಾರ್ದು. ಗೌರ್ಮೆಂಟ್‌ಗೆ ಒಪ್ಪಿಸ್‌ಬುಡು.”

“ಬಿಡ್ತು ಅನ್ನು! ಕಳ್ರು ಬಂದ್ರೆ?”

“ಬಂದ್ರೆ ನೀನೇನ್ ಕಡ್ದಾಕ್ತೀಯಾ? ಮಾತ್ ಕೊಡು.”

ನನಗೆ ಸಿಟ್ಟು ಬಂತು. ಇವಳು ಹೋದ ಮೇಲೆ ಇವಳ ಕೈ ಆಡಿದ ಒಂದು ವಸ್ತುವನ್ನಾದರೂ ಇಟ್ಟುಕೊಳ್ಳಬಾರದೇ? ಮಾತು ಕೊಡಲಿಲ್ಲ. ಮತ್ತೆರಡು ಸಲ ಕೇಳಿದಳು. ನಾನು ಎದ್ದು ಹೊರಗೆ ಹೋದೆ. ವಾಪಸ್ ಒಳಗೆ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಆ ಮಾತನ್ನು ಯಾಕೆ ಕೊಡಲಿಲ್ಲವೋ! ನನ್ನ ಹಟಕ್ಕಿಷ್ಟು ಬೆಂಕಿ ಹಾಕ.

ಆಮೇಲೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆ ತೆಗೆದು ಕೂರುವುದು ಅಭ್ಯಾಸವಾಯಿತು. ಹಿಡಿಯ ಮರ ಅವಳ ಅಂಗೈಗೆ ಸವೆದು ನುಣುಪಾಗಿತ್ತು. ಅದನ್ನು ಹಿಡಿದರೆ ಅವಳ ಕೈ ಹಿಡಿದ ಹಾಗೇ ಆಗುತ್ತಿತ್ತು. ಮೊದಮೊದಲು ಒರೆಸಿ ಒಳಗಿಡುತ್ತಿದ್ದೆ. ಒಂದು ದಿನ ನೋಡಿದರೆ ತೋಟಾಗಳ ಡಬ್ಬಿಯೂ ನನ್ನ ಪಕ್ಕದಲ್ಲಿತ್ತು. ನಾನೇ ತಂದಿಟ್ಟುಕೊಂಡದ್ದು. ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮಾರನೇ ದಿನವೂ ತಂದಿಟ್ಟುಕೊಂಡೆ.

ಆ ವಾರವೇ ಎಲೆಕ್ಷನ್ ಘೋಷಣೆಯಾಯಿತು. ಠಾಣೆಯಿಂದ ಏಟಯ್ಯ, ಅಂದರೆ ಹೆಡ್ ಕಾನ್‌ಸ್ಟೇಬಲ್, ಫೋನ್ ಮಾಡಿ ತಮಿಳಿನಲ್ಲಿ ಗದರಿಸಿದರು. ಗೊಣಗುತ್ತ ಹೋಗಿ ರಿವಾಲ್ವರನ್ನೂ ತೋಟಾಗಳನ್ನೂ ಕೊಟ್ಟುಬಂದೆ. ಆ ಮಧ್ಯಾಹ್ನಗಳಲ್ಲಿ ಕೈ ಸುಮ್ಮನಿರದೆ ಪರದಾಡಿದೆ. ಬೇರೇನೂ ಕೆಲಸವಿಲ್ಲದೆ ಗೋಡೌನಿಗೆ ಹೋಗಿ ಹೆಂಗಸರ ಜೊತೆ ಹುಣಸೆ ಬೀಜ ಬಿಡಿಸುತ್ತ ಕೂತೆ. ಅವರು ಅವಳ ಕಥೆ ಹೇಳಿ ನಕ್ಕರೆ ನಾನೂ ನಗುತ್ತಿದ್ದೆ.

ರಿಸಲ್ಟ್ ಬಂದ ಮೇಲೆ ರಸೀತಿ ಹಿಡಿದು ಓಡಿದೆ. ಏಟಯ್ಯ ಚೀಟಿ ಕಟ್ಟಿದ್ದ ರಿವಾಲ್ವರನ್ನೂ ತೋಟಾಗಳ ಡಬ್ಬಿಯನ್ನೂ ತಂದು ಮೇಜಿನ ಮೇಲಿಟ್ಟರು. ರಿವಾಲ್ವರ್ ಎತ್ತಿಕೊಂಡೆ. ನುಣುಪು ಮರ ಅಂಗೈಗೆ ತಾಗಿತು. ನನ್ನ ಇನ್ನೊಂದು ಕೈ ತಾನಾಗಿಯೇ ತೋಟಾಗಳ ಡಬ್ಬಿಗೆ ಹೋಯಿತು. ಆ ಕೈಯನ್ನು ನಾನೇ ನೋಡಿದೆ. ಅಯ್ಯೋ ದೇವರೇ, ಅವಳು ಹೆದರಿದ್ದು ಕಳ್ಳರಿಗಲ್ಲ, ನನ್ನ ಮೇಲೇ ತಿರುಗಬಹುದಾದ ಈ ನನ್ನ ಕೈಗೆ. ಈ ಮಧ್ಯಾಹ್ನಗಳನ್ನು ಮಲಗಿದ್ದಲ್ಲಿಂದಲೇ ಕಂಡಿದ್ದಳು.

“ಇದು ಇಲ್ಲೇ ಇರಲಿ ಸಾರ್, ಲೈಸೆನ್ಸೂ ಬೇಡ,” ಎಂದೆ.

ಏಟಯ್ಯ ನನ್ನ ಮುಖ ನೋಡಿ ಕಾಗದ ಪೆನ್ನು ಕೊಟ್ಟರು. ಬರೆದುಕೊಟ್ಟೆ. ಹಿಡಿಯಿಂದ ಬೆರಳು ಬಿಡಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತು, ಯಾರು ನೋಡಿದರೇನಂತೆ ಎಂದು ಗಟ್ಟಿಯಾಗಿಯೇ ಹೇಳಿದೆ:

“ಒಪ್ಪಿಸ್‌ಬುಟ್ಟೆ ಕಣೇ. ಇನ್ ಎದ್ರ್ಕೋಬ್ಯಾಡ.”