ಗಾಳಿ ಡಕ್ಟಿನೊಳಗೆ ಒಂದು ಪಿನ್ನು

ನಾನು ಹುಟ್ಟಾ ಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಭಾನುವಾರ ಆಫೀಸಿನಿಂದ ಫೋನು ಬಂದರೆ ಕೈಕಾಲು ತಣ್ಣಗಾಗುತ್ತವೆ. ಇಂಥವಳು ಯುದ್ಧನೌಕೆಗಳ ವಿನ್ಯಾಸ ಮಾಡಿ ಹೊಟ್ಟೆ ಹೊರೆದಳು ಎಂದರೆ ಕೇಳಿದವರಿಗೆ ನಗು ಬರುತ್ತದೆ. ಅಮ್ಮನಿಗಂತೂ ಕೊನೆಯವರೆಗೂ ನನ್ನ ಕೆಲಸ ಏನೆಂದು ತಿಳಿಯಲಿಲ್ಲ. ಡೊಂಬಿವಲಿಯ ತನ್ನ ಬಿಲ್ಡಿಂಗಿನಲ್ಲಿ ಮಗಳು ಹಡಗಿನಲ್ಲಿದ್ದಾಳೆ ಎಂದು ಹೇಳಿಕೊಂಡು ಬರುತ್ತಿದ್ದಳು. ಹಡಗಿನಲ್ಲಿರುವವಳು ಪ್ರತಿ ಭಾನುವಾರ ಮೀನು ಸಾರಿಗೆ ಸರಿಯಾಗಿ ಹೇಗೆ ಹಾಜರಾಗುತ್ತಾಳೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ನಾನು ಕೂರುತ್ತಿದ್ದುದು ವಾಶಿಯ ಒಂದು ಆಫೀಸಿನ ನಾಲ್ಕನೇ ಮಹಡಿಯಲ್ಲಿ, ಕಂಪ್ಯೂಟರಿನ ಮುಂದೆ. ಮುಂಬಯಿಯಲ್ಲಿ ಹಡಗು ಕಟ್ಟುವ ಯಾರ್ಡಿಗೆ ಬೇಕಾದ ನಕ್ಷೆಗಳನ್ನು ಮಾಡಿಕೊಡುವ ಕಂಪನಿ ಅದು. ನನ್ನ ಪಾಲಿಗೆ ಬಂದದ್ದು ಗಾಳಿ. ಈ ನೌಕೆಗಳನ್ನು ಓಡಿಸುವ ಗ್ಯಾಸ್ ಟರ್ಬೈನು ವಿಮಾನದ ಎಂಜಿನ್ನಿನ ಜಾತಿಯದೇ. ಗಾಳಿಯನ್ನು ಹೊಟ್ಟೆಬಾಕನ ಹಾಗೆ ನುಂಗುತ್ತದೆ. ಆ ಗಾಳಿ ಹಡಗಿನ ನೆತ್ತಿಯಿಂದ ಎಂಜಿನ್ನಿನ ಬಾಯಿಯವರೆಗೆ ಇಳಿಯಲು ತಗಡಿನ ಒಂದು ದೊಡ್ಡ ಬಾವಿ ಬೇಕು. ಅದಕ್ಕೆ ನಾವು ಡಕ್ಟು ಎನ್ನುತ್ತೇವೆ. ನಮ್ಮ ನೆರೂಳಿನ ಸೊಸೈಟಿಯ ಸೆಕ್ರೆಟರಿ ಇದನ್ನು ಕೇಳಿಸಿಕೊಂಡು, ತಮ್ಮ ಮನೆಯ ಏಸಿ ನೋಡಿಕೊಡಿ ಎಂದು ಎರಡು ಸಲ ಮನೆಗೆ ಬಂದಿದ್ದರು.

ಆ ಡಕ್ಟಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಒಳಗೆ ಹೋದದ್ದೆಲ್ಲ ಹೊರಗೆ ಬರಬೇಕು. ಎಂಜಿನ್ನಿನ ಮುಂಭಾಗದಲ್ಲಿ ಸಾಲು ಸಾಲು ತೆಳ್ಳನೆಯ ಬ್ಲೇಡುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಒಂದು ಸಣ್ಣ ನಟ್ಟು ಬಿದ್ದರೆ ಒಂದು ಬ್ಲೇಡು ಮುರಿಯುತ್ತದೆ, ಆ ಚೂರು ಹಿಂದಿನ ಸಾಲನ್ನು ಮುರಿಯುತ್ತದೆ, ಆಮೇಲೆ ತಡೆಯುವವರಿಲ್ಲ. ಬಾಯಿಗೆ ಜಾಲರಿ ಇರುತ್ತದೆ, ನಿಜ. ಆದರೆ ಉದ್ದಕ್ಕೆ ತಿರುಗಿದ ಸಣ್ಣ ವಸ್ತುವನ್ನು ಜಾಲರಿ ಹಿಡಿಯುವುದಿಲ್ಲ. ಅದಕ್ಕೇ ಡಕ್ಟಿನ ಬಾಗಿಲಲ್ಲಿ ಒಬ್ಬ ಮನುಷ್ಯ ಪುಸ್ತಕ ಇಟ್ಟುಕೊಂಡು ಕೂತಿರುತ್ತಾನೆ. ಒಳಗೆ ಹೋಗುವವರ ಪೆನ್ನು, ಉಂಗುರ, ಟಾರ್ಚು, ಸ್ಪಾನರು, ಎಲ್ಲವೂ ಅವನ ಪುಸ್ತಕದಲ್ಲಿ ದಾಖಲಾಗುತ್ತದೆ.

ನಾನು ಈಗ ಹೇಳಹೊರಟಿರುವ ಹಡಗಿನಲ್ಲಿ ಹಾಗೆ ಕೂತಿದ್ದವರು ಬೆಳಗಾವಿ ಕಡೆಯ ಒಬ್ಬ ಹಿರಿಯರು. ನೌಕಾದಳದಲ್ಲಿ ನಾವಿಕರಾಗಿದ್ದು ನಿವೃತ್ತರಾಗಿ ಯಾರ್ಡು ಸೇರಿದ್ದವರು, ಮನೆ ಕಲ್ಯಾಣದಲ್ಲಿ. ಎಲ್ಲರಿಗೂ ಅವರು ಕಾಕಾ. ನಾನು ಕನ್ನಡದವಳೆಂದು ತಿಳಿದ ದಿನದಿಂದ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಯಾರ್ಡಿನ ನೌಕರಿ ಇನ್ನು ನಾಲ್ಕು ತಿಂಗಳು ಉಳಿದಿತ್ತು. ಇಷ್ಟು ವರ್ಷಗಳಲ್ಲಿ ಅವರ ಪುಸ್ತಕದ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡುವ ಹಿಂದಿನ ದಿನ. ಡಕ್ಟಿನ ಒಳಗೆ ಸದ್ದು ತಗ್ಗಿಸುವ ಹಲಗೆಗಳ ಬೋಲ್ಟುಗಳನ್ನು ವಿನ್ಯಾಸ ಮಾಡಿದವರೇ ಕೊನೆಯ ಸಲ ನೋಡಬೇಕಿತ್ತು. ಆ ಹಡಗಿನ ಡಕ್ಟಿಗೆ ಅದುವರೆಗೆ ಹೆಂಗಸು ಇಳಿದಿರಲಿಲ್ಲ. ಮೈಸೂರಿನವರಾದ ನಮ್ಮ ಬಾಸು, "ಬೇರೆ ಯಾರನ್ನಾದ್ರೂ ಕಳಿಸೋಣ ಬಿಡಮ್ಮ, ನಿಮಗ್ಯಾಕೆ ತೊಂದರೆ" ಎಂದು ಮೂರು ಸಲ ಹೇಳಿದ್ದರು. ನಕ್ಷೆ ನನ್ನದು, ನಾನೇ ಹೋಗುತ್ತೇನೆ ಎಂದು ಹಠ ಹಿಡಿದು ಬಂದಿದ್ದೆ. ಪುಕ್ಕಲರ ಹಠವೇ ಹಾಗೆ, ಬಂದರೆ ಬಿಡುವುದಿಲ್ಲ.

ಸಲ್ವಾರ್ ಕಮೀಜಿನ ಮೇಲೆ ಬಾಯ್ಲರ್ ಸೂಟು ಏರಿಸಿ ಡಕ್ಟಿನ ಬಾಗಿಲಿಗೆ ಬಂದೆ. ಬಳೆ ತೆಗೆದೆ, ಕಾಲುಂಗುರ ತೆಗೆದೆ, ನಾಲ್ಕು ಹೇರ್‌ಪಿನ್ನು ತೆಗೆದೆ. ಮಂಗಳಸೂತ್ರಕ್ಕೆ ಕೈ ಹಾಕಿದ ಕೂಡಲೇ ಕಾಕಾ ಪುಸ್ತಕ ಮುಚ್ಚಿ, ಕುರ್ಚಿ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಕುಳಿತರು. ಮರ್ಯಾದಸ್ಥ ಮನುಷ್ಯ. ಕೊನೆಗೆ ಕಮೀಜಿನ ಕತ್ತಿನ ಒಳಗೆ ಸೇಫ್ಟಿ ಪಿನ್ನು ಹಾಕಿ ಸಿಕ್ಕಿಸಿದ್ದ ಬಟ್ಟೆಯ ಚೀಲ ತೆಗೆದೆ. ಅದರಲ್ಲಿ ನನ್ನ ರೈಲಿನ ಪಾಸು ಇರುತ್ತಿತ್ತು. ಡೊಂಬಿವಲಿಯ ರೈಲುಗಳ ಗರ್ದಿ, ನೂಕುನುಗ್ಗಲಿನಲ್ಲಿ ಬೆಳೆದ ಹುಡುಗಿಯರಿಗೆಲ್ಲ ಅಮ್ಮಂದಿರು ಕಲಿಸಿದ ಪಾಠ ಅದು: ಪಾಸು ಎದೆಗೆ, ಪಿನ್ನು ಕೈಗೆ ಸಿಗುವ ಹಾಗೆ. ಮೈಮೇಲೆ ಬೀಳುವ ಗಂಡಸರಿಗೂ ಆ ಪಿನ್ನೇ ಔಷಧಿ.

"ತಂಗಿ, ಎಲ್ಲಾ ತಗದೀಯೇನು? ಮೈಮ್ಯಾಲೆ ಏನೂ ಉಳದಿಲ್ಲಲ್ಲಾ?" ಕಾಕಾ ಗೋಡೆಯನ್ನೇ ಕೇಳಿದರು.

"ಇಲ್ಲ ಕಾಕಾ, ಎಲ್ಲ ತೆಗ್ದೆ," ಎಂದೆ.

ಅವರು ತಿರುಗಿ, ನಾನು ಟ್ರೇಯಲ್ಲಿ ಇಟ್ಟಿದ್ದುದನ್ನೆಲ್ಲ ಒಂದೊಂದಾಗಿ ಬರೆದುಕೊಂಡರು. ಒಳಗೆ ಹೋದೆ, ಒಂದು ಗಂಟೆ ಇದ್ದೆ, ಬೆವರಿನಲ್ಲಿ ತೊಯ್ದು ಹೊರಗೆ ಬಂದೆ. ಟ್ರೇಯಲ್ಲಿದ್ದುದನ್ನು ವಾಪಸು ಕೊಟ್ಟರು, ಲೆಕ್ಕ ಸರಿಹೋಯಿತು, ರುಜು ಹಾಕಿದರು. ಬಾಗಿಲು ಮುಚ್ಚಿ ಸೀಲು ಒತ್ತಿದರು. ನೌಕಾದಳದ ಅಧಿಕಾರಿಯೇ ಬಂದು ಕೈ ಕುಲುಕಿದರು. ನಾನು ಉಬ್ಬಿಹೋಗಿದ್ದೆ.

ಸಂಜೆ ಹಾರ್ಬರ್ ಲೈನಿನ ರೈಲಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಕಡಲ ಹಿನ್ನೀರಿನ ಖಾಡಿಯ ಸೇತುವೆ ಬರುವ ಹೊತ್ತಿಗೆ ಟೀಸಿ ಹೆಂಗಸು ಬಂದು ಪಾಸು ಕೇಳಿದಳು. ಪಾಸಿನ ಚೀಲ ಕೈಚೀಲದಲ್ಲೇ ಇತ್ತು, ತೋರಿಸಿದೆ. ಅದನ್ನು ಮತ್ತೆ ಕಮೀಜಿಗೆ ಸಿಕ್ಕಿಸೋಣವೆಂದು ಕತ್ತಿನ ಒಳಗೆ ಕೈ ಹಾಕಿದರೆ ಪಿನ್ನು ಇಲ್ಲ. ಬೆರಳಿಗೆ ಸಿಕ್ಕಿದ್ದು ಬಟ್ಟೆಯಲ್ಲಿ ಎರಡು ಸಣ್ಣ ತೂತು ಮಾತ್ರ.

ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ನೆನಪಾಯಿತು. ಚೀಲ ಬಿಚ್ಚಿದವಳು ಪಿನ್ನನ್ನು ಟ್ರೇಗೆ ಹಾಕಿರಲಿಲ್ಲ. ಕಳೆದುಹೋಗದಿರಲಿ ಎಂದು, ಇದ್ದ ಜಾಗಕ್ಕೇ ವಾಪಸು ಚುಚ್ಚಿಕೊಂಡಿದ್ದೆ. ಬೇಕೆಂದು ಅಲ್ಲ, ದಿನವೂ ಮಾಡುವ ಹಾಗೆ, ಕೈ ತನ್ನಷ್ಟಕ್ಕೇ ಮಾಡಿತ್ತು. ಒಳಗೆ ಸೆಕೆ ತಡೆಯಲಾರದೆ ಸೂಟಿನ ಜಿಪ್ಪನ್ನು ಅರ್ಧ ಇಳಿಸಿದ್ದೂ ನೆನಪಾಯಿತು. ಪಿನ್ನು ಸೂಟಿನೊಳಗೆ ಬಿದ್ದಿರಬಹುದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿದ್ದಿರಬಹುದು, ರೈಲಿನಲ್ಲೂ ಬಿದ್ದಿರಬಹುದು. ಡಕ್ಟಿನಲ್ಲೂ ಇರಬಹುದು. ನೆರೂಳು ಬಂದದ್ದು ಗೊತ್ತಾಗದೆ ಮುಂದಿನ ಸ್ಟೇಶನ್ನಿನಲ್ಲಿ ಇಳಿದು ರಿಕ್ಷಾ ಹಿಡಿದು ಬಂದೆ.

ಗಂಡ ಚಾ ಮಾಡಿಕೊಟ್ಟರು. ಉಡುಪಿ ಕಡೆಯವರು, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವ ಜಾಯಮಾನವಲ್ಲ. ನನ್ನ ಮಾತು ಕೇಳಿ ನಕ್ಕರು. "ಒಂದು ಪಿನ್ನಿಗೆ ಇಡೀ ಹಡಗು ಹಾಳಾಗ್ತದಾ ಮಾರಾಯ್ತಿ? ಸುಮ್ನೆ ಎಂತಕ್ಕೆ ಹೇಳ್ಲಿಕ್ಕೆ ಹೋಗ್ತಿ? ನಾಳೆ ನೋಡುವ." ಅವರ ಮೇಲೆ ರೇಗಿದೆ. ಆದರೆ ನನಗೂ ಒಳಗೊಳಗೆ ಅದೇ ಬೇಕಾಗಿತ್ತು ಎನ್ನುವುದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಬಾಸಿಗೆ ಫೋನು ಮಾಡಿದೆ. ಅವರ "ಹಲೋ" ಕೇಳಿದ್ದೇ ತಡ, ಬಾಯಿಂದ ಬಂದದ್ದು, "ಸರ್, ನಾಳೆ ಎಷ್ಟು ಗಂಟೆಗೆ?" ಎಂಬ ಪ್ರಶ್ನೆ.

"ಹತ್ತಕ್ಕೇ ಬನ್ನಿ ಅಮ್ಮ. ಎಲ್ಲರೂ ನಿಮ್ಮನ್ನ ಹೊಗಳ್ತಾ ಇದ್ರು. ಮುಂದಿನ ಹಡಗಿನ ಡಕ್ಟಿಂಗ್ ಪೂರ್ತಿ ನಿಮಗೇ ಅಂತ ಅಂದ್ಕೊಂಡಿದ್ದೀನಿ," ಎಂದರು. ಥ್ಯಾಂಕ್ಯೂ ಹೇಳಿ ಫೋನಿಟ್ಟೆ. ಹೇಳಿದರೆ ನನ್ನ ಕತೆ ಮುಗಿಯಿತು. ಹೆಂಗಸನ್ನು ಕಳಿಸಿದ್ದೇ ತಪ್ಪಾಯಿತು ಎಂದು ಯಾರ್ಡಿಡೀ ಆಡಿಕೊಳ್ಳುತ್ತದೆ. ಹೇಳದೆ ಇರೋಣವೆಂದರೆ ಹತ್ತು ಗಂಟೆಗೆ ಆ ಎಂಜಿನ್ನಿನ ಸುತ್ತ ನಿಲ್ಲುವವರ ಮುಖಗಳು ಕಣ್ಣ ಮುಂದೆ ಬರುತ್ತಿದ್ದವು. ಅಷ್ಟು ಭಯ ನಾನು ಹೆರಿಗೆಯ ದಿನವೂ ಪಟ್ಟಿರಲಿಲ್ಲ.

ಬೆಳಗ್ಗೆ ಎಂಟಕ್ಕೆ ಯಾರ್ಡಿನಲ್ಲಿದ್ದೆ. ಮೊದಲು ಬಾಯ್ಲರ್ ಸೂಟು ಒಳಗು ಹೊರಗು ಮಾಡಿ ಕೊಡವಿದೆ. ಕೋಣೆಯ ನೆಲವನ್ನು ಮಂಡಿಯೂರಿ ನೋಡಿದೆ. ಪಿನ್ನಿಲ್ಲ. ಡಕ್ಟಿನ ಬಾಗಿಲಿಗೆ ಹೋದಾಗ ಕಾಕಾ ಚಹಾ ಕುಡಿಯುತ್ತಿದ್ದರು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಬಾಯಿ ಮುಚ್ಚಿದ ಪಿನ್ನೋ, ತೆರದದ್ದೋ?" ಎಂದು ಕೇಳಿದರು.

"ಮುಚ್ಚಿದ್ದು."

"ಉದ್ದ?"

ಬೆರಳಲ್ಲಿ ತೋರಿಸಿದೆ. ಅವರು ಚಹಾ ಅರ್ಧಕ್ಕೇ ಇಟ್ಟು, ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಎದ್ದರು. ಆಗಲೇ ನನಗೆ ಹೊಳೆದದ್ದು: ಆ ಪುಟದಲ್ಲಿ ರುಜು ಇರುವುದು ನನ್ನದಲ್ಲ, ಅವರದು. ರಾತ್ರಿಯಿಡೀ ಹೆದರಿದವಳು ನನಗಾಗಿ ಮಾತ್ರ ಹೆದರಿದ್ದೆ, ಈ ಮನುಷ್ಯನ ನೆನಪೇ ಆಗಿರಲಿಲ್ಲ.

ನೌಕಾದಳದ ಅಧಿಕಾರಿ ಎಂಜಿನ್ ಕೋಣೆಯ ಹೊರಗೆ ನಾಲ್ಕೈದು ಜನರ ನಡುವೆ ನಿಂತಿದ್ದರು. ಕಾಕಾ ನೆಟ್ಟಗೆ ನಿಂತು, "ಸಾಬ್, ಗಿನತಿ ಗಲತ್ ಹೈ. ಖೋಲನಾ ಪಡೇಗಾ," ಎಂದರು. ಲೆಕ್ಕ ತಪ್ಪಿದೆ, ಬಾಗಿಲು ತೆರೆಯಲೇಬೇಕು ಎಂದು.

ಸೀಲು ಒಡೆದರು. ಹುಡುಕಲು ಕಾಕಾ ತಾವೇ ಒಳಗೆ ಹೋದರು. ಅವರ ಮಂಡಿ ನೋವು ಎಲ್ಲರಿಗೂ ಗೊತ್ತಿತ್ತು, ಆದರೂ ಬೇರೆಯವರನ್ನು ಬಿಡಲಿಲ್ಲ. ನಾನು ಬಾಗಿಲ ಬಳಿ ನಿಂತು ತಗಡಿನ ಮೇಲೆ ಅವರ ಕೈ ತಡವರಿಸುವ ಸದ್ದು ಕೇಳುತ್ತಿದ್ದೆ. ಮುಕ್ಕಾಲು ಗಂಟೆ ಆಗಿರಬೇಕು. ಸಿಗದಿರಲಿ, ಅಲ್ಲಿ ಇಲ್ಲದೇ ಇರಲಿ ಎಂದು ಕಟೀಲಮ್ಮನಿಗೆ ಹರಕೆ ಹೊತ್ತೆ. ಕಾಕಾ ಹೊರಗೆ ಬಂದು ಅಂಗೈ ಬಿಚ್ಚಿದರು. ಪಿನ್ನು ಅಲ್ಲಿತ್ತು. ಹಲಗೆ ಮತ್ತು ಚೌಕಟ್ಟಿನ ಸಂದಿಯಲ್ಲಿ, ಎಂಜಿನ್ನಿನ ಬಾಯಿಯಿಂದ ಒಂದಾಳು ಎತ್ತರದಲ್ಲಿ ಸಿಕ್ಕಿಕೊಂಡಿತ್ತಂತೆ. ಬಾಯಿ ತೆರೆದುಕೊಂಡಿತ್ತು. ಗಾಳಿ ಎಳೆದ ಮೊದಲ ಕ್ಷಣದಲ್ಲೇ ಕೆಳಗಿಳಿಯುತ್ತಿತ್ತು.

ಅಧಿಕಾರಿ ಪಿನ್ನನ್ನು ಬೆರಳಲ್ಲಿ ಹಿಡಿದು, ಇದು ಪುಸ್ತಕದಲ್ಲಿ ಯಾಕಿಲ್ಲ ಎಂದು ಕೇಳಿದರು.

"ಮೈನೇ ಪೂಛಾ ನಹೀಂ, ಸಾಬ್," ಎಂದರು ಕಾಕಾ. "ಲೇಡಿಸ್ ಥೀ, ಶರಮ್ ಆಯೀ. ಮ್ಯಾಡಮ್ ಖುದ್ ಆಕೇ ಬತಾಯೀ."

ತಾನೇ ಕೇಳಲಿಲ್ಲ, ಹೆಂಗಸರನ್ನು ಕೇಳಲು ನಾಚಿಕೆಯಾಯಿತು, ಮ್ಯಾಡಮ್ ತಾವಾಗಿಯೇ ಬಂದು ಹೇಳಿದರು. ಇಷ್ಟು ಹೇಳಿ ನೆಲ ನೋಡುತ್ತ ನಿಂತರು. ಅಧಿಕಾರಿ ನನ್ನ ಕಡೆ ತಿರುಗಿ, ಇವರು ಪಿನ್ನಿನ ಬಗ್ಗೆ ನಿಮ್ಮನ್ನು ಕೇಳಲಿಲ್ಲವೇ ಎಂದರು.

ಗೋಡೆಗೆ ಮುಖ ಮಾಡಿಕೊಂಡಾದರೂ ಅವರು ಕೇಳಿದ್ದರು. ಮೈಮೇಲೆ ಏನೂ ಉಳಿದಿಲ್ಲವಲ್ಲ ಎಂದೇ ಕೇಳಿದ್ದರು. ಇಲ್ಲ ಎಂದವಳು ನಾನು. ಅದನ್ನು ಹೇಳಲು ಬಾಯಿ ತೆರೆದೆ. ಬಾಸು ಅಷ್ಟು ಹೊತ್ತಿಗೆ ಬಂದು ಹಿಂದೆ ನಿಂತಿದ್ದರು.

"ಪಿನ್ನಿನ ಬಗ್ಗೆ ಕೇಳಲಿಲ್ಲ ಸರ್," ಎಂದೆ.

ಸುಳ್ಳೇನಲ್ಲ. ಪಿನ್ನು ಎಂಬ ಶಬ್ದ ಅವರ ಬಾಯಲ್ಲಿ ಬಂದಿರಲಿಲ್ಲ. ಕಾಕಾ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಹೌದೆಂಬಂತೆ ತಲೆ ಆಡಿಸಿ, ಪುಸ್ತಕವನ್ನು ಅಧಿಕಾರಿಯ ಕೈಗೆ ಕೊಟ್ಟರು.

ಮಧ್ಯಾಹ್ನ ಮೂರಕ್ಕೆ ಎಂಜಿನ್ ಚಾಲೂ ಆಯಿತು, ಎಲ್ಲ ಸುಸೂತ್ರವಾಯಿತು. ನನ್ನ ಕತೆ ಮುಗಿಯಲಿಲ್ಲ, ಬದಲಿಗೆ ಬೆಳೆಯಿತು. ಮುಂದಿನ ಹಡಗಿನ ಡಕ್ಟೂ ನನಗೇ ಬಂತು, ಅದರ ಮುಂದಿನದೂ. ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಬಾಸು ಈ ಕತೆ ಹೇಳಿ, "ಪ್ರಾಮಾಣಿಕತೆ ಅಂದ್ರೆ ಇದು" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನು ಮೂಲೆಯಲ್ಲಿ ಕುಳಿತು, ಇವತ್ತಾದರೂ ಯಾರೋ ಒಬ್ಬರು ಆ ಮುದುಕರು ನಿಜಕ್ಕೂ ಏನೂ ಕೇಳಲಿಲ್ಲವೇ ಎಂದು ಕೇಳಿಬಿಟ್ಟರೆ ಎಂದು ನಡುಗುತ್ತಿದ್ದೆ. ಯಾರೂ ಕೇಳಲಿಲ್ಲ. ಭಯವಂತೂ ಒಂದು ವರ್ಷವೂ ಕಡಿಮೆಯಾಗಲಿಲ್ಲ.

ಏಳೆಂಟು ವರ್ಷಗಳ ನಂತರ ಅಮ್ಮನ ಮನೆಗೆ ಹೊರಟವಳು ಥಾಣೆ ಸ್ಟೇಶನ್ನಿನಲ್ಲಿ ರೈಲು ಬದಲಿಸಲು ನಿಂತಿದ್ದೆ. ಯಾರೋ ಹಿಂದಿನಿಂದ "ತಂಗಿ" ಎಂದರು. ತಿರುಗಿದರೆ ಕಾಕಾ, ಕೈಯಲ್ಲಿ ಔಷಧಿಯ ಚೀಲ, ತಲೆ ಪೂರಾ ಬೆಳ್ಳಗೆ. ಓಡಿಹೋಗಲು ಜಾಗವಿರಲಿಲ್ಲ. ಆರಾಮಿದ್ದೀಯೇನು, ಮಕ್ಕಳು ಎಷ್ಟನೇ ಇಯತ್ತೆ ಎಂದೆಲ್ಲ ಕೇಳಿದರು. ಆಮೇಲೆ, "ಆ ಎಂಜಿನ್ನಿನ ಸಪ್ಪಳಾ ನಾ ಕೇಳಲೇ ಇಲ್ಲ ನೋಡು. ಅವತ್ತ ಊಟದ ಹೊತ್ತಿಗೇ ಸ್ಟೋರಿಗೆ ಕಳಿಸಿಬಿಟ್ರು, ಕಡೀಕ ಅಲ್ಲೇ ನಿವೃತ್ತಿ ಆತು. ಹ್ಯಾಂಗಿತ್ತು?" ಎಂದರು.

ಹೇಳಿದೆ. ಮೊದಲು ಸಣ್ಣ ಶಿಳ್ಳೆ, ಆಮೇಲೆ ಅದು ದಪ್ಪವಾಗುತ್ತ ಎದೆಯೊಳಗೆ ಇಳಿಯುತ್ತದೆ, ನಡುವೆ ಒಂದೇ ಒಂದು ಅಡ್ಡಸದ್ದು ಇರಲಿಲ್ಲ ಎಂದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಚಲೋ ಆತು ಬಿಡು," ಎಂದರು.

ಕಲ್ಯಾಣ ಲೋಕಲ್ ಬಂತು. ಅವರು ಮುಂದಿನ ಡಬ್ಬಿಗೆ, ನಾನು ಲೇಡಿಸ್ ಡಬ್ಬಿಗೆ. ಕಾಕಾ, ನೀವು ಕೇಳಿದ್ದಿರಿ, ಇಲ್ಲ ಎಂದವಳು ನಾನು. ಹೇಳಬೇಕಾದದ್ದು ಇಷ್ಟೇ ಮಾತು. ಡೊಂಬಿವಲಿ ಬರುವವರೆಗೆ ಬಾಗಿಲ ಸರಳು ಹಿಡಿದು ಅದನ್ನೇ ಹೇಳಿಕೊಳ್ಳುತ್ತ ನಿಂತೆ. ಡೊಂಬಿವಲಿಯಲ್ಲಿ ಇಳಿದಾಗ ಅವರ ಡಬ್ಬಿ ಇಪ್ಪತ್ತು ಹೆಜ್ಜೆ ಮುಂದಿತ್ತು, ಗಾಡಿ ಇನ್ನೂ ನಿಂತಿತ್ತು. ನಾನು ಆ ಕಡೆ ನೋಡದೆ ಸೇತುವೆಯ ಮೆಟ್ಟಿಲು ಹತ್ತಿದೆ.