ಮೈಗಳ್ಳಿ ಎಂಬ ಹೆಸರು

ಮದುವೆಯಾಗಿ ಕರಜಗಿಗೆ ಬಂದ ಹೊಸತರಲ್ಲೇ ನನಗೆ ಮೈಗಳ್ಳಿ ಎಂಬ ಹೆಸರು ಬಿತ್ತು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಏದುಸಿರು ಬಂದು ಗೋಡೆಗೆ ಒರಗುತ್ತಿದ್ದೆ. ಹೊಲಕ್ಕೆ ಹೋಗುವಾಗ ಎಲ್ಲರೂ ಮುಂದೆ, ನಾನೊಬ್ಬಳೇ ಹಿಂದೆ. ಅತ್ತೆ ಕೆಟ್ಟವರಲ್ಲ. ಬೈದು ಬೈದು ಅವರಿಗೂ ಸಾಕಾಗಿತ್ತು. ಉಳಿದ ಹಿಟ್ಟನ್ನು ಎಳೆದುಕೊಂಡು ತಾವೇ ಬಡಿಯುತ್ತಿದ್ದರು.

ಎರಡನೆಯ ಮಗಳಿಗೆ ಹಾಲು ಬಿಡಿಸಿದ ವರ್ಷ ಹತ್ತಿದ ಕೆಮ್ಮು ಹೋಗಲೇ ಇಲ್ಲ. ಸಂಜೆಯಾದರೆ ಪಾದ ಬಾತುಕೊಳ್ಳುತ್ತಿದ್ದವು. ಅಫಜಲಪುರದ ಡಾಕ್ಟರು ಎದೆಯನ್ನು ಬಹಳ ಹೊತ್ತು ಆಲಿಸಿ, ಕಲಬುರಗಿಯಲ್ಲಿ ಹೃದಯದ ಸ್ಕ್ಯಾನ್ ಮಾಡಿಸಲು ಹೇಳಿದರು. ಅಲ್ಲಿ ಗೊತ್ತಾಯಿತು: ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು ಇತ್ತು. ದೊಡ್ಡದು. ಎದೆ ತೆರೆದೇ ಮುಚ್ಚಬೇಕು.

ನನ್ನ ತವರಿನವರು ಇದನ್ನು ಬಚ್ಚಿಟ್ಟು ಮದುವೆ ಮಾಡಿದ್ದಾರೆಂದು ಅತ್ತೆ ತಿಳಿದರು. ಆಪರೇಷನ್ ದಿನ ತವರೂರು ಇಜೇರಿಯಿಂದ ಅವ್ವ ಬಂದಾಗ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕುಳಿತಿದ್ದರೆಂದು ನನ್ನ ಗಂಡ ಆಮೇಲೆ ಹೇಳಿದರು. ಕೊನೆಗೆ ಅವ್ವನೇ, "ನನಗ ಗೊತ್ತಿದ್ರ ಹಿಂಗ ಬಿಡ್ತಿದ್ನೇನ್ರಿ ಅಕ್ಕಾರ" ಎಂದಳಂತೆ.

ನನಗೆ ಸರಿಯಾಗಿ ಎಚ್ಚರವಾದಾಗ ಗಂಟಲು ಉರಿಯುತ್ತಿತ್ತು. ಉಸಿರೆಳೆದರೆ ಎದೆ ಸೀಳಿದಂತೆ ನೋವು. ಒಬ್ಬರನ್ನೇ ಒಳಗೆ ಬಿಡುತ್ತಿದ್ದರು. ಬಂದವರು ಅತ್ತೆ. ಎದೆಯ ಪಟ್ಟಿಯ ಕಡೆ ನೋಡಲಾರದೆ ಕಾಲ ಬಳಿ ನಿಂತರು. ಪಾದ ಮುಟ್ಟಿ ನೋಡಿ, ತಣ್ಣಗಿವೆಯೆಂದು ನರ್ಸಿಗೆ ಹೇಳಿ ಇನ್ನೊಂದು ಹೊದಿಕೆ ಹಾಕಿಸಿದರು.

ಎದೆಯೆಲುಬು ಕೂಡುವವರೆಗೆ ಭಾರ ಎತ್ತುವಂತಿರಲಿಲ್ಲ. ಮನೆಗೆಲಸ, ಮಕ್ಕಳು ಎಲ್ಲ ಅತ್ತೆಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆಯೇ ಕೇಳಿದರು: "ಅಷ್ಟು ತ್ರಾಸ ಆಗ್ತಿತ್ತಂದ್ರ ಹೇಳಬಾರದೇನವಾ?"

"ಎಲ್ಲಾರಿಗೂ ಹಿಂಗೇ ಆಗ್ತದ ಅಂತ ತಿಳ್ಕೊಂಡಿದ್ನಿ ಅತ್ತಿ. ನೀವೆಲ್ಲಾ ತಡಕೋತೀರಿ, ನನಗಷ್ಟ ಆಗವಲ್ದು ಅಂತ."

ಹಂಚಿನ ಮೇಲಿದ್ದ ರೊಟ್ಟಿಯನ್ನು ಅವರು ತೆಗೆದದ್ದು ಅದು ಕರಕಾದ ಮೇಲೆಯೇ.

ಹೆಣ್ಣುಮಕ್ಕಳಿಬ್ಬರ ಹೃದಯವನ್ನೂ ತೋರಿಸಿಕೊಂಡು ಬಂದೆವು. ಏನೂ ತೊಂದರೆ ಇಲ್ಲ. ಈಗ ಕಬ್ಬಿನಲ್ಲಿ ಕಳೆ ತೆಗೆಯುವಾಗ ಎಲ್ಲರ ಸಾಲಿನಲ್ಲೇ ಇರುತ್ತೇನೆ. ಸಂಜೆಗೆ ಸೊಂಟ ಹಿಡಿಯುತ್ತದೆ, ಕಣ್ಣು ಎಳೆಯುತ್ತವೆ. ಉಂಡ ಮೇಲೆ ಅವ್ವನ ಫೋನು ಬರುತ್ತದೆ. ಆರಾಮದೀನಿ ಎಂದು ಹೇಳಿ ಅತ್ತೆಗೆ ಕೊಡುತ್ತೇನೆ. ಇಬ್ಬರೂ ಮೊಣಕಾಲು ನೋವಿನ ಮಾತು ಶುರುಮಾಡುತ್ತಾರೆ. ಅದು ಮುಗಿಯುವ ಮೊದಲೇ ನನಗೆ ನಿದ್ದೆ ಹತ್ತಿರುತ್ತದೆ.